ಅಡಿಕೆ ಸುಲಿಯೋ ಅಜ್ಜಿ ದೆವ್ವ: ಕಡಿಮೆ ದುಡ್ಡಿನ ಹಾರರ್ ಕಾಮಿಡಿ ಯಾಕೆ ಹಿಡಿಸುತ್ತೆ, ನಾವೂ ಮಾಡೋದು ಹೇಗೆ?

ಕೊಪ್ಪೆಕಂಬಳಿ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಹಳೇ ತೊಟ್ಟಿಮನೆ, ಅದರ ಹಿಂದಿನ ಅಡಿಕೆ ತೋಟ ಇಟ್ಟುಕೊಂಡು 18 ನಿಮಿಷದ ಹಾರರ್ ಕಾಮಿಡಿ ಕಿರುಚಿತ್ರ ತೆಗೆಯೋ ಯೋಜನೆ ಇದೆ. ಇರೋದು 45 ಸಾವಿರ ರೂಪಾಯಿ, ಒಂದು ಮಿರರ್‌ಲೆಸ್ ಕ್ಯಾಮೆರಾ, ಎರಡು ಮೊಬೈಲು, ಆರು ಜನ ನಟರು. ಗಣಪತಿ ಹಬ್ಬಕ್ಕೆ ಪೆಂಡಾಲಲ್ಲಿ ಪರದೆ ಕಟ್ಟಿ ತೋರಿಸಬೇಕು, ಅಂದರೆ ಮಳೆಗಾಲದಲ್ಲೇ ಶೂಟಿಂಗ್ ಮುಗಿಯಬೇಕು.

ಕಥೆ ಇಷ್ಟು: ಮನೆ ಯಜಮಾನರಿಗೆ ಅಡಿಕೆ ಸುಲಿಯೋಕೆ ಆಳು ಸಿಗ್ತಿಲ್ಲ. ಒಂದು ರಾತ್ರಿ ಅಟ್ಟದ ಮೇಲೆ ಕರ್ ಕರ್ ಸದ್ದು. ಬೆಳಿಗ್ಗೆ ಹೋಗಿ ನೋಡಿದರೆ ಎರಡು ಚೀಲ ಸಿಪ್ಪೆಗೋಟು (ಸಿಪ್ಪೆ ಸಮೇತ ಒಣಗಿಸಿದ ಅಡಿಕೆ) ಸುಲಿದು ರಾಶಿ ಹಾಕಿದೆ. ಸುಲಿದವಳು ಎಂದೋ ತೀರಿಕೊಂಡ ಅಜ್ಜಿ. ಮೊದಲು ಹೆದರಿಕೆ, ಎರಡನೇ ದಿನದಿಂದ ಲೆಕ್ಕಾಚಾರ: ಕೂಲಿ ಇಲ್ಲ, ಊಟ ಇಲ್ಲ, ಇನ್ನೆರಡು ಚೀಲ ಇಡೋಣ. ಆದರೆ ಬೆಳಗಾಗೋದರೊಳಗೆ ಅಡಿಕೆ ಮುಗಿದರೆ ಅಜ್ಜಿ ಕೈಗೆ ಸಿಕ್ಕಿದ್ದನ್ನ ಸುಲೀತಾಳೆ.

ಕೇಳಬೇಕಾದ್ದು ಎರಡು. ಒಂದು, ರಬ್ಬರ್ ಮುಖವಾಡ, ಸಕ್ಕರೆ ಪಾಕದ ರಕ್ತ ಎಲ್ಲ ಕಣ್ಣಿಗೆ ಹೊಡೆದು ಕಾಣೋ ಸಿನಿಮಾಗಳನ್ನ ಜನ ಅಷ್ಟು ಪ್ರೀತಿಯಿಂದ ಯಾಕೆ ನೋಡ್ತಾರೆ? ಆ ಗುಣ ಬೇಕು ಅಂತ ತರೋಕೆ ಆಗುತ್ತಾ? ಎರಡು, ರಕ್ತ, ವೇಷ, ಬೆಳಕು, ಶಬ್ದ ಇವಿಷ್ಟನ್ನ ಈ ದುಡ್ಡಲ್ಲಿ ಮಲೆನಾಡಿನ ಮಳೇಲಿ ಹೇಗೆ ಸಂಭಾಳಿಸೋದು? ಎಲ್ಲೆಲ್ಲಿ ಕೈ ಕೊಡುತ್ತೆ ಅನ್ನೋದನ್ನೂ ಹೇಳಿ.

ನಾಕನೇರೀಲು:

ಕಥೆ ತುಂಬಾ ಚೆನ್ನಾಗಿದೆ. ಮೊದಲನೇ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ವೇಷದ ವಿಚಾರ ಬಲ್ಲವರು ಬೇರೆ ಇದ್ದಾರೆ.

ಈ ಜಾತಿಯ ಸಿನಿಮಾ ನೋಡುವಾಗ ಪ್ರೇಕ್ಷಕನಿಗೆ ಎರಡು ಕಥೆ ಒಟ್ಟಿಗೆ ಕಾಣುತ್ತೆ. ಪರದೆ ಮೇಲಿನ ದೆವ್ವದ ಕಥೆ ಒಂದು, ಅದನ್ನ ದುಡ್ಡಿಲ್ಲದೆ ಮಾಡಿದವರ ಹಠ ಇನ್ನೊಂದು. 1981ರ 'ದಿ ಈವಿಲ್ ಡೆಡ್'ನಲ್ಲಿ ಕಾಣದ ಶಕ್ತಿ ಕಾಡಿನೊಳಗೆ ನುಗ್ಗಿ ಬರೋ ಶಾಟ್ ಇದೆಯಲ್ಲ, ಅದಕ್ಕೆ ದುಬಾರಿ ಯಂತ್ರ ಏನೂ ಬಳಸಿಲ್ಲ. ಉದ್ದದ ಮರದ ಪಟ್ಟಿಗೆ ನಡುವಲ್ಲಿ ಕ್ಯಾಮೆರಾ ಬಿಗಿದು, ಎರಡು ತುದಿ ಇಬ್ಬರು ಹಿಡಿದುಕೊಂಡು ಓಡಿದ್ದಾರೆ. ಪಟ್ಟಿ ಉದ್ದ ಇದ್ದಷ್ಟೂ ಕೈಯ ನಡುಕ ನಡುವಿಗೆ ಬರೋ ಹೊತ್ತಿಗೆ ತಗ್ಗುತ್ತೆ, ಅದೇ ಗುಟ್ಟು. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ 1987ರ 'ಬ್ಯಾಡ್ ಟೇಸ್ಟ್'ಗೆ ಅನ್ಯಗ್ರಹದವರ ಮುಖವಾಡಗಳನ್ನ ಅಮ್ಮನ ಅಡುಗೆಮನೆಯ ಓವನ್‌ನಲ್ಲಿ ಬೇಯಿಸಿದ, ವಾರದ ರಜೆಗಳಲ್ಲಿ ನಾಲ್ಕು ವರ್ಷ ತೆಗೆದ. ಆ ದುಡಿಮೆ ಪರದೆ ಮೇಲೆ ಕಾಣುತ್ತೆ. ಕಂಡಾಗ ಜನ ಅವರ ಪಕ್ಷ ವಹಿಸ್ತಾರೆ. ಯಕ್ಷಗಾನದಲ್ಲಿ ಒಂದು ಸ್ಟೂಲನ್ನ ಸಿಂಹಾಸನ ಅಂತ ನಾವು ಒಪ್ಪಿಕೊಳ್ಳೋದು ಹೀಗೇನೇ.

ಬೇಕು ಅಂತ ತರೋಕೆ ಆಗುತ್ತಾ ಅಂದರೆ, ಅರ್ಧ ಆಗುತ್ತೆ. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1964ರಲ್ಲೇ ಈ 'ಕ್ಯಾಂಪ್' (ಅತಿರೇಕದ, ಕೃತಕ ಅನ್ನಿಸೋದನ್ನೇ ಇಷ್ಟಪಡೋ) ರುಚಿಯ ಬಗ್ಗೆ ಬರೆದಾಗ ತಿಳಿಯದೇ ಆದದ್ದು, ತಿಳಿದು ಮಾಡಿದ್ದು ಅಂತ ಎರಡು ಬಗೆ ಹೇಳಿದ್ದರು; ತಿಳಿದು ಮಾಡಿದ್ದು ಸಾಮಾನ್ಯವಾಗಿ ಕಡಿಮೆ ತೃಪ್ತಿ ಕೊಡುತ್ತೆ ಅನ್ನೋದು ಅವರ ಅಭಿಪ್ರಾಯ. ಕಾರಣ ನೇರವಾಗಿದೆ: ನಟ ಕ್ಯಾಮೆರಾ ಕಡೆ ಕಣ್ಣು ಮಿಟುಕಿಸಿ 'ಇದು ಕೆಟ್ಟ ದೆವ್ವ, ನಕ್ಕುಬಿಡಿ' ಅಂದ ತಕ್ಷಣ ನಗು ಸತ್ತುಹೋಗುತ್ತೆ. ನಿಮ್ಮ ಅಜ್ಜಿ ಮುಖವಾಡ ಎಷ್ಟೇ ಬಡವಾಗಿರಲಿ, ಅದರ ಎದುರು ನಿಂತ ಯಜಮಾನರು ನಿಜಕ್ಕೂ ಬೆವರಬೇಕು. 1987ರ 'ಈವಿಲ್ ಡೆಡ್ 2'ರಲ್ಲಿ ನಾಯಕನ ಒಂದು ಕೈಗೆ ದೆವ್ವ ಹಿಡಿದು ಅವನ ತಲೆ ಮೇಲೇ ತಟ್ಟೆ ಒಡೆಯುತ್ತೆ. ಅವನು ಒಂದು ಕ್ಷಣವೂ ತಮಾಷೆ ಮಾಡಲ್ಲ, ಸಿಟ್ಟಲ್ಲಿ ತನ್ನ ಕೈ ಜೊತೆ ತಾನೇ ಹೊಡೆದಾಡ್ತಾನೆ. ಹೊಟ್ಟೆ ಹುಣ್ಣಾಗೋ ನಗು ಬರೋದು ಅಲ್ಲಿ. ನಮ್ಮಲ್ಲೇ 2025ರ 'ಸು ಫ್ರಮ್ ಸೋ' ನೋಡಿ. ಹುಡುಗನ ಮೈಮೇಲೆ ದೆವ್ವ ಬಂದಿದೆ ಅಂತ ಊರಿಗೆ ಊರೇ ಗಟ್ಟಿಯಾಗಿ ನಂಬಿದ್ದರಿಂದಲೇ ಅಷ್ಟು ನಗು.

ಎರಡನೇದು, ದೆವ್ವಕ್ಕೊಂದು ಕಾಯಿದೆ ಬೇಕು, ಅದನ್ನ ಮುರಿಯಬಾರದು. ನಿಮ್ಮಲ್ಲಿ ಅದು ಆಗಲೇ ಇದೆ: ಅಡಿಕೆ ಇರೋವರೆಗೆ ಅಜ್ಜಿ ಯಾರ ತಂಟೆಗೂ ಬರಲ್ಲ. ಈ ಮಾತು ಮೂರನೇ ನಿಮಿಷದೊಳಗೆ ಗೊತ್ತಾಗಲಿ, ಅದೂ ಮಾತಲ್ಲಿ ಬೇಡ. ಚೀಲ ಖಾಲಿಯಾದ ಮೊದಲ ರಾತ್ರಿ ಅಜ್ಜಿ ಪಕ್ಕದಲ್ಲಿದ್ದ ತೆಂಗಿನಕಾಯಿ ಸುಲೀತಾಳೆ, ಎರಡನೇ ರಾತ್ರಿ ಯಜಮಾನರ ಕ್ರಿಕೆಟ್ ಬಾಲಿನ ತೊಗಲು ಸುಲೀತಾಳೆ, ಮೂರನೇ ರಾತ್ರಿ ಏನು ಅನ್ನೋದನ್ನ ಪ್ರೇಕ್ಷಕ ತಾನೇ ಊಹಿಸಿಕೊಂಡು ಕಾಲು ಮುದುರಿ ಕೂತಿರ್ತಾನೆ. ಕೆಲಸ ಕೊಡದಿದ್ದರೆ ಯಜಮಾನನ್ನೇ ನುಂಗೋ ಭೂತದ ಕಥೆ ನಮ್ಮ ಜನಕ್ಕೆ ಗೊತ್ತಿರೋದೇ, ವಿವರಿಸೋ ಅಗತ್ಯ ಬೀಳಲ್ಲ.

ಮೂರನೇದು, ಹಾಸ್ಯ ಒಂದು ಕಡೆ ದೆವ್ವ ಒಂದು ಕಡೆ ಇಡಬೇಡಿ. 1984ರ ಹಿಂದಿ ದೆವ್ವದ ಸಿನಿಮಾ 'ಪುರಾನಾ ಮಂದಿರ್'ನಲ್ಲಿ ರಾಮ್ಸೆ ಸಹೋದರರು ಹಾಸ್ಯನಟ ಜಗದೀಪ್ ಕೈಲಿ 'ಶೋಲೆ'ಯ ಅಣಕ ಮಾಡಿಸಿದ್ದಾರೆ. ಅದು ದೆವ್ವದ ಕಥೆಯಿಂದ ಬೇರೆಯೇ ಓಡುತ್ತೆ, ಅಲ್ಲಿ ಜನ ಎದ್ದು ಹೊರಗೆ ಹೋಗಿ ಬರಬಹುದು. 18 ನಿಮಿಷದಲ್ಲಿ ನಿಮಗೆ ಅಷ್ಟು ಜಾಗ ಇಲ್ಲ. ಹೆದರಿಸೋ ವಸ್ತುವೇ ನಗಿಸಬೇಕು.

ಎಡಿಟಿಂಗ್ ಬಗ್ಗೆ ಒಂದು ಮಾತು. ಬೆಚ್ಚಿಬೀಳಿಸೋ ಕಟ್‌ಗೆ ಮೊದಲು ಅರ್ಧ ಸೆಕೆಂಡು, ಅಂದರೆ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಸುಮಾರು 12 ಫ್ರೇಮ್, ಹಿನ್ನೆಲೆ ಶಬ್ದ ಪೂರ್ತಿ ತಗ್ಗಿಸಿ. ದೆವ್ವ ಕಂಡ ಮೇಲೆ ಬೇಗ ಕತ್ತರಿಸಿ, ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಮುಖವಾಡ ತೋರಿಸಿದರೆ ಕಣ್ಣು ಹೊಲಿಗೆ ಹುಡುಕುತ್ತೆ. ನೋಡಿದವನ ಮುಖವನ್ನ ಮಾತ್ರ ಎರಡರಿಂದ ಮೂರು ಸೆಕೆಂಡು ಹಿಡಿದಿಡಿ. ನಗು ಅಲ್ಲಿಂದ ಹುಟ್ಟುತ್ತೆ. ಹೊಸಬರು ಇದನ್ನ ತಿರುಗುಮುರುಗು ಮಾಡ್ತಾರೆ: ದೆವ್ವವನ್ನ ಉದ್ದಕ್ಕೆ ತೋರಿಸಿ, ಮನುಷ್ಯನ ಮುಖವನ್ನ ಕತ್ತರಿಸಿ ಎಸೀತಾರೆ.

ಚೌಕಿಮನೆ:

ರಕ್ತ ಮತ್ತು ವೇಷದ ಬಗ್ಗೆ ಹೇಳ್ತೀನಿ. ಮಲೆನಾಡಲ್ಲಿ ಕೂತು ರಕ್ತಕ್ಕೆ ಆನ್‌ಲೈನ್ ಆರ್ಡರ್ ಹಾಕೋದು ಬೇಡವೇ ಬೇಡ.

ಒಂದೇ ರಕ್ತ ಎಲ್ಲ ಶಾಟ್‌ಗೂ ಆಗಲ್ಲ. ಹತ್ತಿರದ ಶಾಟ್‌ಗೆ, ಬಾಯಲ್ಲಿ ಸುರಿಯೋದಕ್ಕೆ: ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ ಅರ್ಧ ಕೇಜಿ, ಬಿಸಿನೀರು 100ರಿಂದ 120 ಎಂಎಲ್, ತಿನ್ನೋ ಕೆಂಪು ಬಣ್ಣದ ಪುಡಿ ಅರ್ಧ ಚಮಚ, ಕೋಕೋ ಪುಡಿ ಒಂದು ಚಮಚ, ತಿನ್ನೋ ನೀಲಿ ಬಣ್ಣ ಎರಡು ಹನಿ. ಕೋಕೋವನ್ನ ಮೊದಲು ಬಿಸಿನೀರಲ್ಲಿ ಕದಡಿಕೊಳ್ಳಿ, ನೇರ ಗ್ಲೂಕೋಸಿಗೆ ಹಾಕಿದರೆ ಗಂಟು ಕಟ್ಟುತ್ತೆ. ಕೋಕೋ ಇಲ್ಲದ ರಕ್ತ ಬಿಳಿ ಎಲ್‌ಇಡಿ ಕೆಳಗೆ ಗುಲಾಬಿ ಶರಬತ್ತಿನ ಥರ ಕಾಣುತ್ತೆ. ಬಣ್ಣವನ್ನ ಪಾತ್ರೆ ನೋಡಿ ತೀರ್ಮಾನ ಮಾಡಬೇಡಿ, ಶೂಟಿಂಗಿನ ಅದೇ ಬೆಳಕಲ್ಲಿ, ಅದೇ ಬಟ್ಟೆ ಮೇಲೆ ಒಂದು ಹನಿ ಬಿಟ್ಟು ಕ್ಯಾಮೆರಾ ಪರದೆಯಲ್ಲಿ ನೋಡಿ. ಹಚ್ಚೋಕೆ ಮೊದಲು ನಟರ ಚರ್ಮಕ್ಕೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ, ಇಲ್ಲದಿದ್ದರೆ ಕೆಂಪು ಕಲೆ ದಿನಗಟ್ಟಲೆ ಹೋಗಲ್ಲ. ಪಾತ್ರೆ ಮುಚ್ಚಿಡಿ. ಇರುವೆ ಸಾಲು ಕಟ್ಟಿದರೆ ಸತ್ತವನ ಪಾತ್ರ ಮಾಡಿದವನು ಎದ್ದು ಓಡ್ತಾನೆ.

ಒಣಗಿದ ರಕ್ತ, ಸೀರೆ ಮೇಲಿನ ಹಳೇ ಕಲೆಗೆ ಚೊಗರಿಗಿಂತ ಒಳ್ಳೇದು ಇಲ್ಲ. ಅಡಿಕೆ ಬೇಯಿಸಿದ ಆ ಕೆಂಗಂದು ನೀರು ಯಾರ ಮನೆಯಲ್ಲಾದರೂ ಡ್ರಮ್ಮಲ್ಲಿ ಉಳಿದಿರುತ್ತೆ. ಹೆಗ್ಗೋಡು ಹತ್ತಿರದ ಚರಕ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟೋಕೆ ಬಳಸೋದರಲ್ಲಿ ಇದೂ ಒಂದು, ಅಂದರೆ ಒಮ್ಮೆ ಹತ್ತಿದರೆ ಹೋಗಲ್ಲ. ಬೇಡದ ಬಟ್ಟೆಗೆ ಮಾತ್ರ ಹಾಕಿ, ಒಂದೇ ಥರದ ಎರಡು ಸೀರೆ ಇಟ್ಟುಕೊಳ್ಳಿ. ಚೊಗರು ಬಾಯಿಗೆ ಬೇಡ, ವಿಪರೀತ ಒಗರು. ಒಂದು ದೃಶ್ಯ ಕಪ್ಪು ಬಿಳುಪಲ್ಲಿ ಇಡೋದಾದರೆ ಜೋನಿ ಬೆಲ್ಲವೇ (ನೀರು ಬೆಲ್ಲ) ಸಾಕು. ಹಿಚ್‌ಕಾಕ್ 1960ರ 'ಸೈಕೋ'ದಲ್ಲಿ ರಕ್ತ ಅಂತ ತೋರಿಸಿದ್ದು ಚಾಕೊಲೇಟ್ ಸಿರಪ್.

ಬಕೆಟ್ ಗಟ್ಟಲೆ ಬೇಕಾದರೆ ಆರತಿ ನೀರು: ಅರಿಶಿನ, ಸುಣ್ಣ. ಹತ್ತು ಲೀಟರಿಗೆ ನಾಲ್ಕೈದು ದೊಡ್ಡ ಚಮಚ ಅರಿಶಿನ ಹಾಕಿ, ಎಲೆಅಡಿಕೆ ಸುಣ್ಣವನ್ನ ಕೆಂಪು ತಿರುಗೋವರೆಗೆ ಸ್ವಲ್ಪ ಸ್ವಲ್ಪವೇ ಕದಡಿ. ನೆಲಕ್ಕೆ, ಗೋಡೆಗೆ ಮಾತ್ರ. ಸುಣ್ಣ ಇರೋದರಿಂದ ಮುಖಕ್ಕೆ, ಕಣ್ಣ ಹತ್ತಿರಕ್ಕೆ ಯಾವ ಕಾರಣಕ್ಕೂ ಎರಚಬಾರದು.

ಇದರಲ್ಲೇ ನಿಮ್ಮ ಸಿನಿಮಾಕ್ಕೆ ಒಂದು ಭರ್ಜರಿ ದೃಶ್ಯ ಇದೆ. ಅರಿಶಿನ ಸುಣ್ಣದ ಜೊತೆ ಕೆಂಪಾಗುತ್ತೆ, ಹುಳಿ ತಾಗಿದರೆ ಮತ್ತೆ ಹಳದಿಗೆ ತಿರುಗುತ್ತೆ. ಒಂದು ಬಿಳಿ ಪಿಂಗಾಣಿ ಬಟ್ಟಲಲ್ಲಿ 200 ಎಂಎಲ್ ನೀರು, ಕಾಲು ಚಮಚ ಅರಿಶಿನ, ಹೆಸರುಕಾಳಿನಷ್ಟು ಸುಣ್ಣ ಕದಡಿ, ರಕ್ತಗೆಂಪು ಬರುತ್ತೆ. ಮಂತ್ರವಾದಿ ಗಂಭೀರವಾಗಿ ಮಂತ್ರ ಹೇಳ್ತಾ ಅರ್ಧ ನಿಂಬೆಹಣ್ಣು ಹಿಂಡಲಿ. ರಸ ಬಿದ್ದ ಜಾಗದಿಂದ ಕೆಂಪು ಒಡೆದು ಹಳದಿ ಹರಡುತ್ತೆ, ಕಟ್ ಇಲ್ಲದೆ ಒಂದೇ ಶಾಟ್‌ನಲ್ಲಿ. ಮನೆಯವರೆಲ್ಲ 'ದೆವ್ವ ಬಿಡ್ತು' ಅಂತ ಕೈ ಮುಗಿಯೋ ಹೊತ್ತಿಗೆ ಅಟ್ಟದಲ್ಲಿ ಮತ್ತೆ ಕರ್ ಕರ್. ಕೈಕೊಡೋದು ಎಲ್ಲಿ ಅಂದರೆ, ಸುಣ್ಣ ಜಾಸ್ತಿ ಬಿದ್ದರೆ ಅರ್ಧ ನಿಂಬೆ ಸಾಲದೆ ಕಂದು ಬಣ್ಣದಲ್ಲೇ ನಿಂತುಬಿಡುತ್ತೆ. ಬಾಟಲಿಯ ಹಳೇ ರಸ ಬೇಡ, ಹೊಸ ಹಣ್ಣು ತನ್ನಿ. ನೀರು ಕದಡಿದ ತಕ್ಷಣ ಶಾಟ್ ತೆಗೀರಿ, ಬಿಟ್ಟರೆ ಅರಿಶಿನ ತಳಕ್ಕೆ ಕೂರುತ್ತೆ.

ಕೈ ಕತ್ತರಿಸೋ ದೃಶ್ಯಕ್ಕೆ ಬಾಳೆದಿಂಡು. ಅಂಗಿಯ ತೋಳಿನೊಳಗೆ ಮೊಣಕೈ ಉದ್ದದ ದಿಂಡು ಇಟ್ಟು, ತುದಿಗೆ ಹತ್ತಿ ತುಂಬಿದ ಕೈಗವಸು ಕಟ್ಟಿ. ನಡುವೆ ಸಣ್ಣ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಗ್ಲೂಕೋಸ್ ರಕ್ತ. ಕತ್ತರಿಸಿದಾಗ ನಾರು ಎಳೆ ಎಳೆಯಾಗಿ ಜೋತುಬೀಳುತ್ತೆ, ನರದ ಹಾಗೇ ಇರುತ್ತೆ. ಮಾರನೇ ಬೆಳಿಗ್ಗೆ ಊಟದ ಎಲೆಗೆ ಬಾಳೆದಿಂಡಿನ ಪಲ್ಯ ಬಡಿಸಿ, ಯಾರೂ ಏನೂ ಮಾತಾಡೋದು ಬೇಡ.

ಅಜ್ಜಿ ಮುಖದ ಸುಕ್ಕಿಗೆ ತೆಳು ಟಿಶ್ಯೂ ಪೇಪರ್, ಲಿಕ್ವಿಡ್ ಲೇಟೆಕ್ಸ್. ಒಬ್ಬರು ಚರ್ಮ ಹಿಗ್ಗಿಸಿ ಹಿಡಿಯಬೇಕು, ಇನ್ನೊಬ್ಬರು ಲೇಟೆಕ್ಸ್ ಸವರಿ ಒಂದೇ ಪದರ ಟಿಶ್ಯೂ ಅಂಟಿಸಿ ಮೇಲೊಂದು ಕೈ ಸವರಬೇಕು. ಪೂರ್ತಿ ಒಣಗಿದ ಮೇಲೆ ಬಿಟ್ಟರೆ ಸುಕ್ಕು ತಾನಾಗಿ ಕೂರುತ್ತೆ. ಮಳೆಗಾಲದ ತೇವಕ್ಕೆ ಬೇಗ ಒಣಗಲ್ಲ, ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಬಳಸಿ. ಹುಬ್ಬಿಗೆ ವ್ಯಾಸಲೀನ್ ಮೆತ್ತಿ, ಇಲ್ಲವಾದರೆ ಕೀಳುವಾಗ ಕೂದಲೂ ಬರುತ್ತೆ. ಲೇಟೆಕ್ಸ್ ಕೆಲವರಿಗೆ ಆಗಲ್ಲ, ಹಿಂದಿನ ದಿನವೇ ಕಿವಿ ಹಿಂದೆ ಒಂದು ಚುಕ್ಕಿ ಹಚ್ಚಿ ನೋಡಿ.

ಯಕ್ಷಗಾನದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಚಿಟ್ಟಿ ಇಡೋ ಕ್ರಮವನ್ನ ಅಜ್ಜಿಗೆ ತರಬೇಡಿ. ಅಕ್ಕಿ ಹಿಟ್ಟು ಸುಣ್ಣದ ಆ ಚುಕ್ಕಿಗಳು ರಾತ್ರಿ ರಂಗಸ್ಥಳಕ್ಕೆ, ದೂರದಿಂದ ಕಾಣೋದಕ್ಕೆ ಆದದ್ದು. ಗಂಟೆಗಟ್ಟಲೆ ಹಿಡಿಯುತ್ತೆ, ಅದರ ಗೌರವವೂ ಬೇರೆ. ಅದರಿಂದ ಕಲಿಯೋದು ಒಂದೇ: ಮೊದಲು ಆಕಾರ, ಆಮೇಲೆ ವಿವರ. ಅಜ್ಜಿಯ ನೆರಳು ಕಂಡರೇ ಇವಳೇ ಅಂತ ಗೊತ್ತಾಗಬೇಕು.

ಕೊಪ್ಪೆಕಂಬಳಿ:

ನಿಂಬೆಹಣ್ಣಿನ ದೃಶ್ಯ ಖಂಡಿತ ಇರುತ್ತೆ, ತುಂಬಾ ಧನ್ಯವಾದ. ಇನ್ನೊಂದು ಅನುಮಾನ. ದೆವ್ವದ ಪಾದ ಹಿಂದುಮುಂದು ಇರುತ್ತೆ ಅಂತಾರಲ್ಲ, ಅಜ್ಜಿಗೆ ಅದೂ ಬೇಕು ಅಂತ ಎಲ್ಲರ ಆಸೆ. ಆದರೆ ಅಡಿಕೆ ಸುಲಿಯೋ ಮೆಟ್ಟುಗತ್ತಿಯ (ಮಣೆಗೆ ಅಲಗು ಕೂರಿಸಿದ ಕತ್ತಿ) ಮಣೆಯನ್ನ ಕಾಲಲ್ಲೇ ಒತ್ತಿ ಹಿಡಿಯಬೇಕು. ಹೇಗೆ ಮಾಡೋದು? ಯಕ್ಷಗಾನದಲ್ಲಿ ಹಾಕೋ ರಾಳದ ಬೆಂಕಿ ಅಟ್ಟದಲ್ಲಿ ಹಾಕಬಹುದಾ?

ಚೌಕಿಮನೆ:

ರಾಳ ಬೇಡ. ದೊಂದಿಗೆ ರಾಳದ ಪುಡಿ ಎರಚೋದು ಬಯಲಲ್ಲಿ, ಅಭ್ಯಾಸ ಇದ್ದವರ ಕೈಲಿ. ಅಟ್ಟದಲ್ಲಿ ಸೋಗೆ, ಗೋಣಿಚೀಲ, ಒಣ ಸಿಪ್ಪೆ ತುಂಬಿರುತ್ತೆ, ಒಂದು ಕಿಡಿ ಸಾಕು. ಬೆಂಕಿಯ ಬೆಳಕು ಬೇಕಾದರೆ ಕಿತ್ತಳೆ ಬಣ್ಣದ ಜಿಲೆಟಿನ್ ಹಾಳೆ ಹಚ್ಚಿದ ಎಲ್‌ಇಡಿ ಮುಂದೆ ಸೊಪ್ಪಿನ ಕೊಂಬೆ ಅಲ್ಲಾಡಿಸಿ.

ಪಾದಕ್ಕೆ ಸುಲಭ ಉಪಾಯ: ನಟಿಯನ್ನ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂರಿಸಿ. ರವಿಕೆ ಹಿಂದುಮುಂದು ಹಾಕಿಸಿ, ಸೆರಗು ಬೆನ್ನ ಮೇಲೆ ಬರೋ ಹಾಗೆ ಉಡಿಸಿ. ಸ್ವಂತ ಕೂದಲನ್ನ ಮುಖದ ಮೇಲೆ ಬಾಚಿ, ತಲೆಯ ಹಿಂಭಾಗಕ್ಕೆ ಅಜ್ಜಿ ಮುಖವಾಡ ಕಟ್ಟಿ. ಈಗ ಅಜ್ಜಿ ನಮ್ಮ ಕಡೆ ನೋಡ್ತಿದ್ದಾಳೆ, ಪಾದ ಆಚೆ ಕಡೆ ತಿರುಗಿದೆ, ಕೈಗಳು ಹಿಂದೆ ಹೋಗಿ ಕೆಲಸ ಮಾಡ್ತಿವೆ. ಮೊಣಕೈ ತಪ್ಪು ದಿಕ್ಕಿಗೆ ಮಡಚೋದು ನೋಡಿದರೆ ಎದೆ ಝಲ್ ಅನ್ನುತ್ತೆ. ಮುಖವಾಡ ಅಡಿಕೆ ಹಾಳೆಯಿಂದಲೇ ಮಾಡಬಹುದು: ಒಳ್ಳೆ ಅಡಿಕೆ ಹಾಳೆಯನ್ನ ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ ಮಡಕೆಯ ಬೆನ್ನಿಗೆ ಕಟ್ಟಿ ಒಣಗಿಸಿದರೆ ಆ ಬಾಗು ನಿಲ್ಲುತ್ತೆ. ಮೂಗಿಗೆ ಬೇರೆ ತುಂಡು ಅಂಟಿಸಿ. ಮೆಟ್ಟುಗತ್ತಿಯ ನಿಜವಾದ ಅಲಗು ಮಾತ್ರ ಬೇಡವೇ ಬೇಡ, ನಟಿಗೆ ಮುಂದಿನದು ಕಾಣೋದೇ ಇಲ್ಲ. ಅಲಗಿನ ಜಾಗಕ್ಕೂ ಹಾಳೆಯ ತುಂಡು ಕತ್ತರಿಸಿ ಬೆಳ್ಳಿ ಬಣ್ಣ ಬಳಿಯಿರಿ. ಸುಲಿಯೋ ಶಬ್ದ ಆಮೇಲೆ ಸೇರಿಸೋದು.

ಮಳೆಜೀರುಂಡೆ:

ಶಬ್ದ ಮತ್ತು ಬೆಳಕು ನನ್ನ ಪಾಲಿಗಿರಲಿ.

ಕಿರುಚಿತ್ರ ಕೆಡೋದು ಶಬ್ದದಲ್ಲಿ. ಮುಖವಾಡ ಕೆಟ್ಟದಾದರೆ ನಗ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗ್ತಾರೆ. ಹಂಚಿನ ಮೇಲೆ ಮಳೆ ಹೊಡೆಯುವಾಗ ಮಾತಿನ ದೃಶ್ಯ ತೆಗೀಬೇಡಿ, ತಗಡಿನ ಶೀಟಾದರೆ ಕೇಳೋದೇ ಬೇಡ. ಮಳೆ ಬಿಟ್ಟ ಹೊತ್ತಲ್ಲಿ ಮಾತು, ಮಳೆ ಬರುವಾಗ ಮಾತಿಲ್ಲದ ಶಾಟ್, ಹೀಗೆ ಎರಡು ಪಟ್ಟಿ ಬರೆದು ಜೇಬಲ್ಲಿಟ್ಟುಕೊಳ್ಳಿ. ಜೀರುಂಡೆಯ ಕಾಟ ಬೇರೆ ಥರ. ಅದು ಒಂದೇ ಸಮ ಕೂಗುತ್ತೆ, ಆದರೆ ಹತ್ತು ನಿಮಿಷ ಬಿಟ್ಟು ತೆಗೆದ ಶಾಟಿನಲ್ಲಿ ಕೂಗು ಬೇರೆ ಇರುತ್ತೆ, ಕಟ್ ಆದಲ್ಲೆಲ್ಲ ಜರ್ಕ್ ಹೊಡೆಯುತ್ತೆ. ಅದರ ಕೂಗು ಹೆಚ್ಚಾಗಿ 4ರಿಂದ 8 ಕಿಲೋಹರ್ಟ್ಸ್ ಆಸುಪಾಸು. ನಮ್ಮ ಸ, ಶ, ಚ ಅಕ್ಷರಗಳ ಸ್ಪಷ್ಟತೆ ಇರೋದೂ ಅಲ್ಲೇ, ಹಾಗಾಗಿ ಸಾಫ್ಟ್‌ವೇರಲ್ಲಿ ಕತ್ತರಿಸಿದರೆ ಮಾತೂ ಮಂಕಾಗುತ್ತೆ. ಉಪಾಯ ಏನಂದರೆ, ಪ್ರತಿ ಜಾಗದಲ್ಲಿ ಎಲ್ಲರೂ ಸುಮ್ಮನೆ ನಿಂತು ಎರಡು ನಿಮಿಷ ಬರೀ ಜಾಗದ ಶಬ್ದ ರೆಕಾರ್ಡ್ ಮಾಡಿ, ಎಡಿಟಿಂಗಲ್ಲಿ ಅದನ್ನ ಇಡೀ ದೃಶ್ಯದ ಕೆಳಗೆ ಹಾಸಿ. ಕಾಲರ್ ಮೈಕನ್ನ ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಅದರ ವೈರನ್ನ ಎರಡನೇ ಮೊಬೈಲಿಗೆ ಕೊಟ್ಟು ಜೇಬಲ್ಲಿಡಿ. ಮೊಬೈಲು ಏರೋಪ್ಲೇನ್ ಮೋಡಲ್ಲಿರಲಿ. ಪ್ರತಿ ಶಾಟಿನ ಶುರುವಿಗೆ ಕ್ಯಾಮೆರಾಕ್ಕೆ ಕಾಣೋ ಹಾಗೆ ಒಂದು ಚಪ್ಪಾಳೆ, ಆಮೇಲೆ ಚಿತ್ರ ಶಬ್ದ ಹೊಂದಿಸೋಕೆ ಬೇಕು.

ಅಜ್ಜಿ ಸುಲಿಯೋ ಕರ್ ಕರ್ ನಿಮ್ಮ ಸಿನಿಮಾದ ನಿಜವಾದ ದೆವ್ವ. ಮೈಕನ್ನ ಮೆಟ್ಟುಗತ್ತಿಯ ಮಣೆಗೇ ತಾಗಿಸಿಟ್ಟು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಭ್ಯಾಸ ಇದ್ದವರ ಕೈಲಿ ಸುಲಿಸಿ ರೆಕಾರ್ಡ್ ಮಾಡಿ. ಒಂದೇ ಲಯ, ನಡುವೆ ಅಡಿಕೆ ಬುಟ್ಟಿಗೆ ಬೀಳೋ ಟಕ್. ಆ ಟಕ್ ಬರೋದು ನಿಂತಾಗ ಅಡಿಕೆ ಮುಗೀತು ಅಂತ ಅರ್ಥ. ಮೂಳೆ ಮುರಿಯೋ ಶಬ್ದಕ್ಕೆ ಒಣಗಿದ ಸೋಗೆಯ ದಂಟು, ಚರ್ಮ ಸುಲಿಯೋದಕ್ಕೆ ಹಲಸಿನ ತೊಳೆ ಬಿಡಿಸೋ ಶಬ್ದ.

ಬೆಳಕು: ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 50ರಲ್ಲಿ ಒಂದು ಪಾಲು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅದಕ್ಕೆ ಹೊಂದದ ಶಟರ್ ಇಟ್ಟರೆ ಅಗ್ಗದ ಎಲ್‌ಇಡಿ ಬಲ್ಬು ಪರದೆ ಮೇಲೆ ಪಟ್ಟೆ ಪಟ್ಟೆಯಾಗಿ ಮಿಣುಕುತ್ತೆ. ಮೊಬೈಲಲ್ಲಿ ತೆಗೆಯೋದಾದರೆ ಮ್ಯಾನ್ಯುವಲ್ ಆಪ್ ಬಳಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800 ದಾಟಿಸಬೇಡಿ. 50 ವ್ಯಾಟಿನ ಎಲ್‌ಇಡಿ ಫ್ಲಡ್ ಲೈಟ್ ಎರಡು ಸಾಕು. ಎರಡನ್ನೂ ನಟರ ಮುಂದೆ ಇಟ್ಟರೆ ಮದುವೆ ವಿಡಿಯೋ ಆಗುತ್ತೆ. ಒಂದನ್ನ ಹಿಂದಿನಿಂದ, ಎತ್ತರದಿಂದ ಬಿಡಿ, ಮುಂದೆ ಬಿಳಿ ಪಂಚೆಗೆ ಹೊಡೆದು ಬರೋ ಮಂದ ಬೆಳಕು. ಮಳೆ, ಮಂಜು, ಲೋಬಾನದ ಹೊಗೆ ಮೂರೂ ಹಿಂದಿನ ಬೆಳಕಿಗೆ ಮಾತ್ರ ಕಾಣೋದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿದರೂ ಮುಂದಿನಿಂದ ಬೆಳಕು ಬಿಟ್ಟು ತೆಗೆದರೆ ಪರದೆ ಮೇಲೆ ಹನಿಯೇ ಇರಲ್ಲ.

ತೋಟದ ರಾತ್ರಿಯನ್ನ ಹಗಲಲ್ಲೇ ತೆಗೀರಿ. ಮೋಡ ಮುಸುಕಿದ ಸಂಜೆ, ಚಿತ್ರ ನೀಲಿಗೆ ತಿರುಗೋ ಹಾಗೆ ವೈಟ್ ಬ್ಯಾಲೆನ್ಸ್ 3200, ಎಕ್ಸ್‌ಪೋಷರ್ ಎರಡು ಸ್ಟಾಪ್ ಕಮ್ಮಿ (ಬೆಳಕು ನಾಲ್ಕರಲ್ಲಿ ಒಂದು ಪಾಲು). ಆಕಾಶ ಫ್ರೇಮಿಗೆ ಬಂದರೆ ಗುಟ್ಟು ರಟ್ಟು, ಅಡಿಕೆ ಮರದ ತಲೆಗಳು ಅದನ್ನ ಮುಚ್ಚಿಕೊಡ್ತವೆ. ರಾತ್ರಿ ತೋಟಕ್ಕೆ ಇಳಿದರೆ ಇಂಬಳ, ಹಾವು, ಜಾರೋ ಪಾಚಿ, ಮೇಲಿಂದ ನೀರಲ್ಲಿ ನೆನೆದ ವೈರು, ಇದ್ಯಾವುದೂ ಬೇಡ. ಲೈಟುಗಳ ಪ್ಲಗ್ಗನ್ನ ನೆಲದಿಂದ ಮೇಲೆ ಕಟ್ಟಿ.

ಲೆನ್ಸಿಗೆ ಹಬೆ ಕೂರೋದು ಇನ್ನೊಂದು ಗೋಳು. ಒಲೆ ಇರೋ ಬೆಚ್ಚಗಿನ ಕೋಣೆಯಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡಬೇಡಿ. ಕ್ಯಾಮೆರಾವನ್ನ ಜಗಲಿಯಲ್ಲೇ ಇಟ್ಟು ಹೊರಗಿನ ಹವೆಗೆ ಹೊಂದಿಸಿ, ರಾತ್ರಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ.

ನಾಕನೇರೀಲು:

ಒಂದು ಸೇರಿಸ್ತೀನಿ. ಜಪಾನಿನ 'ಒನ್ ಕಟ್ ಆಫ್ ದ ಡೆಡ್' 2017ರಲ್ಲಿ ಬಂದದ್ದು, ಖರ್ಚು ಸುಮಾರು 30 ಲಕ್ಷ ಯೆನ್. ಮೊದಲ 37 ನಿಮಿಷ ಒಂದೇ ಶಾಟ್, ಅದರಲ್ಲಿ ನಟರು ತಡವರಿಸ್ತಾರೆ, ಸುಮ್ಮನೆ ನಿಂತುಬಿಡ್ತಾರೆ, ಕ್ಯಾಮೆರಾ ನೆಲಕ್ಕೆ ಬೀಳುತ್ತೆ. ಮುಂದಿನ ಭಾಗದಲ್ಲಿ ಪ್ರತಿಯೊಂದಕ್ಕೂ ಕಾರಣ ಕಾಣಿಸ್ತಾರೆ. ನಿಮಗೂ ಅದೇ ದಾರಿ ಇದೆ. ಮುಖವಾಡ ಯಾಕೆ ಅಡಿಕೆ ಹಾಳೆಯಂತೆ ಕಾಣುತ್ತೆ ಅಂದರೆ, ತನ್ನ ಮುಖವನ್ನ ಅಜ್ಜಿ ಒಂದು ರಾತ್ರಿ ಅಡಿಕೆ ಸಿಗದೆ ತಾನೇ ಸುಲಿದುಕೊಂಡಿದ್ದಾಳೆ, ಆಮೇಲೆ ಹಾಳೆ ಕಟ್ಟಿಕೊಂಡಿದ್ದಾಳೆ. ಕೊರತೆಯನ್ನ ಮುಚ್ಚೋಕೆ ಹೋಗಬೇಡಿ, ಕಥೆಯೊಳಗೆ ಅದಕ್ಕೊಂದು ಕೆಲಸ ಕೊಡಿ.

ಕಾನುದಾರಿ:

ಒಳ್ಳೇ ಚರ್ಚೆ. ಎರಡು ಎಚ್ಚರಿಕೆ. ಊರಲ್ಲಿ ಪೂಜೆ ಆಗೋ ಚೌಡಿ, ಭೂತರಾಯ, ಜಟ್ಟಿಗರ ಹೆಸರು, ಬನ, ಕಲ್ಲು ಯಾವುದನ್ನೂ ಫ್ರೇಮಿಗೆ ತರಬೇಡಿ. ನಿಮ್ಮ ಅಜ್ಜಿ ಕಥೆಯ ದೆವ್ವ, ಅವು ಜನ ನಡೆದುಕೊಳ್ಳೋ ದೈವಗಳು. ಬಾಗಿಲ ಮೇಲೆ 'ನಾಳೆ ಬಾ' ಬರೆಯೋದನ್ನ ಬೇಕಾದರೆ ಬಳಸಿ, ಅದು ಎಲ್ಲರಿಗೂ ಗೊತ್ತಿರೋ ಮಾತು. ಯಜಮಾನರು ಅದನ್ನ ಅಳಿಸಿ 'ಇವತ್ತೇ ಬಾ, ನಾಲ್ಕು ಚೀಲ ಇದೆ' ಅಂತ ಬರೆಯಲಿ.

ಇನ್ನೊಂದು ಜಾಗದ ವಿಚಾರ. ತೋಟದ ಬೇಲಿ ದಾಟಿದರೆ ಹಲವು ಕಡೆ ಮೀಸಲು ಅರಣ್ಯ ಶುರು, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಶೂಟಿಂಗ್ ಮಾಡೋ ಹಾಗಿಲ್ಲ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೋ ಜಾಗ) ಅಂದುಕೊಂಡು ನುಗ್ಗಬೇಡಿ, ಮನೆಯವರ ಹತ್ತಿರ ಗಡಿ ಎಲ್ಲಿ ಅಂತ ಕೇಳಿಕೊಳ್ಳಿ. ಅಕ್ಕಪಕ್ಕದ ಮನೆಗಳಿಗೂ ಮೊದಲೇ ಹೇಳಿಡಿ, ಮಧ್ಯರಾತ್ರಿ ಕಿರುಚಾಟ ಕೇಳಿ ಕತ್ತಿ ಹಿಡಿದು ಬಂದಾರು.

ಮಳೆಜೀರುಂಡೆ:

ಪೆಂಡಾಲಿನ ಪ್ರದರ್ಶನದ ಬಗ್ಗೆ ಹೇಳೋದು ಉಳಿದಿತ್ತು. ಅಲ್ಲಿನ ಸ್ಪೀಕರಲ್ಲಿ ತಗ್ಗು ಸ್ವರ ಗುಂಯ್ ಅಂತ ಎಲ್ಲಾ ಮಾತನ್ನ ನುಂಗುತ್ತೆ, ಆದ್ದರಿಂದ ಮಾತಿನ ಟ್ರ್ಯಾಕಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನ ತೆಗೆದುಹಾಕಿ. ಹೆಡ್‌ಫೋನಲ್ಲಿ ಮಿಕ್ಸ್ ಮಾಡಿದ್ದನ್ನ ನಂಬಬೇಡಿ, ಹಬ್ಬಕ್ಕೆ ಮೊದಲು ಅದೇ ಸ್ಪೀಕರಿಗೆ ಹಾಕಿ ಕೊನೇ ಸಾಲಿನ ಕುರ್ಚಿಯಲ್ಲಿ ಕೂತು ಕೇಳಿ. ಜೋರು ನಗು ಬರೋ ಜಾಗದ ನಂತರ ಮೂರು ಸೆಕೆಂಡು ಮುಖ್ಯವಾದ ಮಾತು ಇಡಬೇಡಿ, ನಗುವಿನಲ್ಲಿ ಮುಂದಿನ ಮಾತು ಮುಳುಗಿಹೋಗುತ್ತೆ. ಆ ಮೂರು ಸೆಕೆಂಡಿಗೆ ಅಜ್ಜಿಯ ಕರ್ ಕರ್ ಒಂದನ್ನೇ ಬಿಡಿ.